ಹಳೆಯ ಪಿಸ್ತೂಲು-ತೋಟಾ ಕಾರ್ಬೈನ್: ಯಾವುದನ್ನು ಕೊಳ್ಳುವುದು, ಹೇಗೆ ಪರೀಕ್ಷಿಸುವುದು

ಹಳೆಯ ಕಾರ್ಬೈನ್ ಕೊಳ್ಳಲು ಹೊರಟವರನ್ನು ನಾನು ಮೊದಲು ಕೇಳುವುದು ಇಷ್ಟೇ: ಅದಕ್ಕೆ ಹೊಸ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಇವತ್ತಿಗೂ ಸಿಗುತ್ತದೆಯೇ? ಸ್ಟಾಕಿನ (ಹೆಗಲಿಗೆ ಊರುವ ಹಿಡಿಯ) ಮರ, ನಳಿಕೆಯ ಹೊಳಪು, ಕಂಪನಿಯ ಹೆಸರು ಎಲ್ಲ ಆಮೇಲಿನ ಮಾತು. ಕೋವಿ ಗಟ್ಟಿಮುಟ್ಟಾಗಿದ್ದರೂ ಮ್ಯಾಗಜೀನ್ ಸಿಗದೆ, ಇಲ್ಲವೇ ಕೈಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡೊಂದು ಸಿಗದೆ ಮೂಲೆ ಸೇರಿದ ಮಾದರಿಗಳಿವೆ. ಈ ಎರಡನ್ನು ಮೊದಲು ವಿಚಾರಿಸಿಕೊಂಡರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಬಗ್ಗೆ. 1980ರಿಂದ 2000ದ ದಶಕದವರೆಗೆ ತಯಾರಾದ, ಪಿಸ್ತೂಲು ಅಥವಾ ರಿವಾಲ್ವರಿನ ತೋಟಾ ಹಾರಿಸುವ ಉದ್ದ ನಳಿಕೆಯ ಕೋವಿಗಳು, ಅವುಗಳ ಜೊತೆಗೆ ಅದೇ ಕೆಲಸ ಮಾಡುವ, ಟ್ರಿಗರ್ ಸುತ್ತಲಿನ ಹಿಡಿಯನ್ನು ಕೈಯಿಂದ ತಿರುಗಿಸಿ ಮುಂದಿನ ತೋಟಾ ಏರಿಸುವ ಲಿವರ್ ಕೋವಿಗಳು. ಉದ್ದೇಶ ಒಂದೇ, ಕಾಗದದ ಗುರಿಗೂ ಉಕ್ಕಿನ ತಟ್ಟೆಗೂ ಹೊಡೆಯುವುದು. ಬೇಟೆ, ಆತ್ಮರಕ್ಷಣೆ ಎರಡನ್ನೂ ಬದಿಗಿಟ್ಟಿದ್ದೇನೆ. ಅವುಗಳ ಲೆಕ್ಕವೇ ಬೇರೆ.

ಪಿಸ್ತೂಲಿನ ತೋಟಾಕ್ಕೆ ಉದ್ದ ನಳಿಕೆ ಯಾಕೆ?

ಇದು ಹಳೆಯ ಯೋಚನೆ. ವಿಂಚೆಸ್ಟರ್ 1873ರ ಲಿವರ್ ಕೋವಿ .44-40 ತೋಟಾದೊಂದಿಗೆ ಬಂತು. ಐದು ವರ್ಷಗಳೊಳಗೆ ಕೋಲ್ಟ್ ತನ್ನ ರಿವಾಲ್ವರನ್ನೂ ಅದೇ ತೋಟಾಕ್ಕೆ ಮಾಡಿತು. ಸೊಂಟಕ್ಕೂ ಹೆಗಲಿಗೂ ಒಂದೇ ಮದ್ದು ಸಾಕಾಯಿತು. ಇವತ್ತು ಗುರಿ ಹೊಡೆಯುವವರಿಗೆ ಬೇಕಾಗಿರುವುದೂ ಅದೇ ಅನುಕೂಲ. ಮನೆಯಲ್ಲಿ ಈಗಾಗಲೇ 9 ಎಂಎಂ ಇಟ್ಟುಕೊಂಡವರು ಮತ್ತೊಂದು ಬಗೆಯ ತೋಟಾ ಕೂಡಿಡಬೇಕಿಲ್ಲ. ರೈಫಲ್ ಹೊಡೆಯಲು ಬಿಡದ ಎಷ್ಟೋ ಪಿಸ್ತೂಲು ರೇಂಜುಗಳು ಪಿಸ್ತೂಲು ತೋಟಾದ ಕಾರ್ಬೈನಿಗೆ ಜಾಗ ಕೊಡುತ್ತವೆ. ಹೆಗಲು, ಕೆನ್ನೆ, ಎರಡು ಕೈ ಹೀಗೆ ನಾಲ್ಕು ಕಡೆ ಊರಿ ಹಿಡಿಯುವುದರಿಂದ ಹೊಸಬರಿಗೂ ಗುರಿ ಬೇಗ ಕೂರುತ್ತದೆ.

ವೇಗದ ವಿಷಯದಲ್ಲಿ ಮಾತ್ರ ಎಲ್ಲ ತೋಟಾಗಳೂ ಒಂದೇ ಅಲ್ಲ. ಸಾಮಾನ್ಯ 115 ಗ್ರೇನಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) 9 ಎಂಎಂ ಗುಂಡು ಪಿಸ್ತೂಲಿನಿಂದ ಸೆಕೆಂಡಿಗೆ ಸುಮಾರು 1150 ಅಡಿ ವೇಗದಲ್ಲಿ ಹೊರಟರೆ, 16 ಇಂಚಿನ ನಳಿಕೆಯಿಂದ 1300ರ ಆಸುಪಾಸಿನಲ್ಲಿ ಹೊರಡುತ್ತದೆ. ಇದು ಒಳ್ಳೆಯದೇ ಆದರೂ ಬೆರಗುಪಡುವಂಥದ್ದಲ್ಲ. .45 ಎಸಿಪಿಗೆ ಸಿಗುವುದು ಇನ್ನೂ ಕಡಿಮೆ. ಅದರ ಮದ್ದು ಚಿಕ್ಕ ನಳಿಕೆಯಲ್ಲೇ ಬಹುಪಾಲು ಉರಿದು ಮುಗಿದಿರುತ್ತದೆ. .357 ಮ್ಯಾಗ್ನಮ್ ಕಥೆ ಬೇರೆ: 158 ಗ್ರೇನಿನ ಗುಂಡು 4 ಇಂಚಿನ ರಿವಾಲ್ವರಿನಿಂದ 1200 ಚಿಲ್ಲರೆ ಅಡಿ, 18 ಇಂಚಿನ ಕಾರ್ಬೈನಿನಿಂದ 1800 ಅಡಿಯ ಹತ್ತಿರ. ನಿಧಾನವಾಗಿ ಉರಿಯುವ ಮದ್ದು ಹೆಚ್ಚು ತುಂಬಿರುವುದರಿಂದ ಉದ್ದ ನಳಿಕೆಯ ಪೂರ್ತಿ ಲಾಭ ಅದಕ್ಕೆ ದಕ್ಕುತ್ತದೆ. ಗುರಿ ಹೊಡೆಯುವವರಿಗೆ ಇದು ಅನುಕೂಲವೂ ಹೌದು, ತೊಡಕೂ ಹೌದು. ಪಿಸ್ತೂಲಿಗೆಂದು ನಿಲ್ಲಿಸಿದ ಉಕ್ಕಿನ ತಟ್ಟೆಗಳನ್ನು ಆ ವೇಗ ಕುಳಿ ಬೀಳಿಸಬಲ್ಲದು. ರೇಂಜಿನವರನ್ನು ಕೇಳದೆ ಪೂರ್ತಿ ಬಲದ .357 ಅನ್ನು ತಟ್ಟೆಯ ಮೇಲೆ ಹಾರಿಸಬೇಡಿ.

ಮಾರ್ಲಿನ್ ಕ್ಯಾಂಪ್ 9: ಕೈಗೆ ಹಿತ, ಒಳಗೊಂದು ಹುಳುಕು

ಹಳೆಯ ಕಾರ್ಬೈನ್ ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಇದೇ. 1985ರಿಂದ 1999ರವರೆಗೆ ತಯಾರಾಯಿತು. ನೋಡಲು .22 ಕೋವಿಯ ಅಣ್ಣನಂತಿದೆ. ಮರದ ಸ್ಟಾಕ್, 16.5 ಇಂಚಿನ ನಳಿಕೆ, ಏಳು ಪೌಂಡಿಗೆ ಸ್ವಲ್ಪ ಕಡಿಮೆ ತೂಕ. 9 ಎಂಎಂ ಮಾದರಿ ಸ್ಮಿತ್ ಆಂಡ್ ವೆಸನ್ 59 ಸರಣಿಯ ಪಿಸ್ತೂಲು ಮ್ಯಾಗಜೀನನ್ನು ನುಂಗುತ್ತದೆ, .45 ಮಾದರಿ 1911ರ ಮ್ಯಾಗಜೀನನ್ನು. ಆ ಸ್ಮಿತ್ ಆಂಡ್ ವೆಸನ್ ಪಿಸ್ತೂಲುಗಳು ಅಂಗಡಿಯಿಂದ ಮರೆಯಾಗಿ ವರ್ಷಗಳಾದರೂ ಇಟಲಿಯ ಮೆಕ್-ಗಾರ್ ಮಾಡುವ ಮ್ಯಾಗಜೀನ್ ಸಿಗುತ್ತದೆ. 1911ರ ಮ್ಯಾಗಜೀನಿಗಂತೂ ಬರವೇ ಇಲ್ಲ. ಹಾಗಾಗಿ ಮೊದಲ ಪ್ರಶ್ನೆಯಲ್ಲಿ ಕ್ಯಾಂಪ್ ಪಾಸು.

ಎರಡನೆಯದರಲ್ಲಿ, ಅಂದರೆ ಒಳಗಿನ ಪ್ಲಾಸ್ಟಿಕ್ ತುಂಡಿನ ವಿಷಯದಲ್ಲಿ, ಅದು ಎಡವುತ್ತದೆ. ಇದು ನೇರ ಬ್ಲೋಬ್ಯಾಕ್ ಕೋವಿ. ಅಂದರೆ ಗುಂಡು ಹಾರುವಾಗ ಬೋಲ್ಟಿಗೆ (ತೋಟಾದ ಹಿಂದೆ ನಿಲ್ಲುವ ಲೋಹದ ತುಂಡಿಗೆ) ಬೀಗ ಬಿದ್ದಿರುವುದಿಲ್ಲ. ಅದರ ತೂಕವೂ ಹಿಂದಿನ ಸ್ಪ್ರಿಂಗೂ ಸೇರಿ ಚೇಂಬರನ್ನು (ತೋಟಾ ಕೂರುವ ಗೂಡನ್ನು) ಅಷ್ಟು ಹೊತ್ತು ಮುಚ್ಚಿ ಹಿಡಿಯುತ್ತವೆ. ಹಿಂದಕ್ಕೆ ರಭಸದಿಂದ ಬರುವ ಬೋಲ್ಟು ರಿಸೀವರಿನ (ಬೋಲ್ಟು ಓಡಾಡುವ ಲೋಹದ ಪೆಟ್ಟಿಗೆಯ) ಹಿಂಭಾಗಕ್ಕೆ ಬಡಿಯಬಾರದೆಂದು ಮಾರ್ಲಿನ್ ಅಲ್ಲೊಂದು ಪೆಟ್ಟು ಹೀರುವ ಪ್ಲಾಸ್ಟಿಕ್ ಬಫರ್ ಇಟ್ಟಿತ್ತು. ವರ್ಷ ಕಳೆದಂತೆ, ಎಣ್ಣೆ ತಾಗಿದಂತೆ, ಆ ಪ್ಲಾಸ್ಟಿಕ್ ಗಡುಸಾಗಿ ಬಿರಿಯುತ್ತದೆ. ಎಷ್ಟೋ ಕೋವಿಗಳನ್ನು ಬಿಚ್ಚಿದರೆ ಬಫರ್ ಇರಬೇಕಾದ ಜಾಗದಲ್ಲಿ ಕಂದು ಪುಡಿ ಮಾತ್ರ ಸಿಗುತ್ತದೆ. ಬಫರ್ ಹೋದ ಮೇಲೆ ಪ್ರತಿ ಈಡಿನ ಪೆಟ್ಟೂ ಲೋಹಕ್ಕೆ, ಅಲ್ಲಿಂದ ಮರಕ್ಕೆ. ಸ್ಟಾಕ್ ಸೀಳುವುದು ಆಗಲೇ.

ಕಾರ್ಖಾನೆಯ ಸ್ಪ್ರಿಂಗ್ ಕೂಡ ಬಲಹೀನವೆಂದು ಕ್ಯಾಂಪ್ ಬಲ್ಲವರೆಲ್ಲ ಹೇಳುವ ಮಾತು, ನನಗೂ ಅದೇ ಅನ್ನಿಸುತ್ತದೆ. ಸ್ಪ್ರಿಂಗ್ ಸೋತರೆ ಬೋಲ್ಟು ಇನ್ನಷ್ಟು ಜೋರಾಗಿ ಹಿಂದಕ್ಕೆ ಹೋಗುತ್ತದೆ, ಬಫರ್ ಇನ್ನೂ ಬೇಗ ಪುಡಿಯಾಗುತ್ತದೆ. ಒಂದರ ಸಮಸ್ಯೆ ಇನ್ನೊಂದನ್ನು ಕೆಡಿಸುತ್ತದೆ. ಸಮಾಧಾನದ ಸಂಗತಿ ಎಂದರೆ ಎರಡಕ್ಕೂ ಬದಲಿ ಭಾಗ ಸಿಗುತ್ತದೆ, ಹೆಚ್ಚು ಬಲದ ಸ್ಪ್ರಿಂಗ್ ಮತ್ತು ಹೊಸ ಬಫರ್. ಎರಡೂ ಸೇರಿ ಕೋವಿಯ ಬೆಲೆಯ ಸಣ್ಣ ಭಾಗವಷ್ಟೇ. ಹಾಗಾಗಿ ಕ್ಯಾಂಪ್ ಕೊಂಡರೆ ಆ ಎರಡನ್ನೂ ಬದಲಿಸುವುದು ರಿಪೇರಿಯಲ್ಲ, ಕೊಳ್ಳುವ ಖರ್ಚಿನದೇ ಭಾಗ ಎಂದು ಲೆಕ್ಕ ಹಾಕಿಕೊಳ್ಳಿ. ಮಾರುವವರು "ಇದರಲ್ಲಿ ಯಾವತ್ತೂ ತೊಂದರೆ ಬಂದಿಲ್ಲ" ಅಂದರೆ, ಬಫರ್ ಬದಲಿಸಿದ್ದು ಯಾವಾಗ ಎಂದು ಕೇಳಿ. ಉತ್ತರ ಬರದಿದ್ದರೆ ಒಳಗಿರುವುದು ಹುಟ್ಟುಬಫರ್ ಎಂದೇ ತಿಳಿಯಿರಿ.

ಇಷ್ಟೆಲ್ಲ ದೂರಿಯೂ ನನಗೆ ಕ್ಯಾಂಪ್ ಇಷ್ಟ. ಸ್ಟಾಕ್ ಕೆನ್ನೆಗೆ ಸರಿಯಾಗಿ ಕೂರುತ್ತದೆ, ಗುರಿ ನೋಡುವ ಸೈಟು ನಳಿಕೆಗೆ ಹತ್ತಿರವಿದೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಲು ರಿಸೀವರಿನಲ್ಲಿ ಕಾರ್ಖಾನೆಯೇ ತೂತು ಕೊರೆದು ಕೊಟ್ಟಿದೆ. ಕುಳಿತು ಕಾಗದಕ್ಕೆ ಹೊಡೆಯುವವರಿಗೆ ಈ ಗುಂಪಿನಲ್ಲಿ ಇದರಷ್ಟು ಹಿತವಾದ ಅರೆ-ಸ್ವಯಂಚಾಲಿ ಕೋವಿ (ತಾನೇ ಮುಂದಿನ ತೋಟಾ ಏರಿಸಿಕೊಂಡು, ಒಂದು ಎಳೆತಕ್ಕೆ ಒಂದೇ ಗುಂಡು ಹಾರಿಸುವಂಥದ್ದು) ಇನ್ನೊಂದಿಲ್ಲ. ಕೋವಿಗೆ ತೂಕವಿದ್ದರೂ ಬ್ಲೋಬ್ಯಾಕಿನ ಒದೆತ ಸ್ವಲ್ಪ ಗಡುಸು, 9 ಎಂಎಂಗೆ ಇಷ್ಟೊಂದು ಯಾಕೆ ಎನ್ನಿಸುವಷ್ಟು. ಅದು ಬೋಲ್ಟಿನ ಭಾರ ಹಿಂದಕ್ಕೂ ಮುಂದಕ್ಕೂ ಬಡಿಯುವ ಪೆಟ್ಟು. ಕೋವಿ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ರೂಗರ್ ಪಿಸಿ9: ಹೋರಿ

ರೂಗರ್ ಪಿಸಿ9, ಅದರ .40 ತಮ್ಮ ಪಿಸಿ4, 1990ರ ದಶಕದ ಕೊನೆಯಲ್ಲಿ ಬಂದು 2006ರವರೆಗೆ ನಡೆದವು. ಪೊಲೀಸರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಹೆಸರಿನಲ್ಲೇ ಅದಿದೆ: ಪಿಸಿ ಎಂದರೆ ಪೊಲೀಸ್ ಕಾರ್ಬೈನ್. ಗಸ್ತಿನವರ ಸೊಂಟದ ರೂಗರ್ ಪಿ-ಸರಣಿ ಪಿಸ್ತೂಲಿನ ಮ್ಯಾಗಜೀನೇ ಕಾರ್ಬೈನಿಗೂ ಹೊಂದುತ್ತದೆ. ಕಪ್ಪು ಪ್ಲಾಸ್ಟಿಕ್ ಸ್ಟಾಕ್, 16.25 ಇಂಚಿನ ನಳಿಕೆ, ಕ್ಯಾಂಪಿಗಿಂತ ಸ್ವಲ್ಪ ಹಗುರ. ಇದೂ ಬ್ಲೋಬ್ಯಾಕೇ. ಆದರೆ ಬೋಲ್ಟಿನ ಜೊತೆ ಚಲಿಸುವ ಭಾರದ ತುಂಡು ನಳಿಕೆಯ ಕೆಳಗೆ, ಮುಂಗೈ ಹಿಡಿಯುವ ಕಡೆ ಇದೆ. ತೂಕ ಮುಂದಿರುವುದರಿಂದ ನಳಿಕೆಯ ಮೂತಿ ಹೆಚ್ಚು ಕುಣಿಯುವುದಿಲ್ಲ.

ಇದರ ಒಳಗೆ ಪುಡಿಯಾಗಿ ಉದುರುವ ಭಾಗವಿಲ್ಲ. ಅದಕ್ಕೇ ಹೋರಿ ಅಂದೆ. ಟ್ರಿಗರ್ ಮಾತ್ರ ಭಾರ, ಎಳೆತ ಸ್ವಲ್ಪ ಒರಟು. ಕಾಗದಕ್ಕೆ ಬಿಗಿಯಾದ ಗ್ರೂಪ್ (ಗುಂಡುಗಳು ಬಿದ್ದ ತೂತುಗಳ ಗುಂಪು) ಹೊಡೆಯುವ ಆಸೆಯಿದ್ದವರಿಗೆ ಇದು ಅಡ್ಡಿ, ತಟ್ಟೆಗೆ ಹೊಡೆಯುವವರಿಗೆ ಗಮನಕ್ಕೇ ಬರುವುದಿಲ್ಲ. ಪಿ-ಸರಣಿ ಪಿಸ್ತೂಲು ನಿಂತುಹೋಗಿದ್ದರೂ ಮ್ಯಾಗಜೀನ್ ಈಗಲೂ ಸಿಗುತ್ತದೆ, ಕೆಲವು ಹೊಸದು, ಹಲವು ಹಳೆಯ ದಾಸ್ತಾನು.

ಹಳೆಯ ಪಿಸಿ9 ಹುಡುಕುವವರು ಹೊಸದನ್ನೂ ಒಮ್ಮೆ ಹೋಲಿಸಿ ನೋಡಬೇಕು. 2017ರ ಕೊನೆಯಲ್ಲಿ ರೂಗರ್ ಪಿಸಿ ಕಾರ್ಬೈನ್ ಎಂದು ಹೊಸದೊಂದನ್ನು ತಂದಿತು. ಎರಡು ತುಂಡಾಗಿ ಬಿಚ್ಚುತ್ತದೆ, ಮ್ಯಾಗಜೀನ್ ಗೂಡನ್ನು ಬದಲಿಸಿ ಗ್ಲಾಕ್ ಮ್ಯಾಗಜೀನ್ ಹಾಕಬಹುದು. ಬರೇ ಗುರಿ ಹೊಡೆಯುವುದೇ ಆಸೆಯಾದರೆ, ಹಳೆಯದರ ಬಗ್ಗೆ ವಿಶೇಷ ಮೋಹವಿಲ್ಲದಿದ್ದರೆ, ಹೊಸ ಪಿಸಿ ಕಾರ್ಬೈನ್ ಎದುರು ಹಳೆಯ ಪಿಸಿ9 ಪರ ವಾದ ಮಾಡುವುದು ಕಷ್ಟ. ಒಳ್ಳೆಯ ಬೆಲೆಗೆ ಸಿಕ್ಕರೆ, ಮ್ಯಾಗಜೀನುಗಳ ಜೊತೆ ಸಿಕ್ಕರೆ ಮಾತ್ರ ಹಳೆಯದು.

ಉಳಿದವರ ಬಗ್ಗೆ ನಾಲ್ಕು ಮಾತು

ಬೆರೆಟ್ಟಾ ಸಿಎಕ್ಸ್4 ಸ್ಟಾರ್ಮ್ 2003ರಲ್ಲಿ ಬಂತು. ನಳಿಕೆ ಒಳ್ಳೆಯದು, ಒಳಮೈಗೆ ಕ್ರೋಮ್ ಲೇಪ. ಎಡಗೈಯವರಿಗೆ ಇದು ವರದಾನ. ಖಾಲಿ ಕೇಸ್ (ಹಾರಿಸಿದ ತೋಟಾದ ಉಳಿದ ಕವಚ) ಹೊರಬೀಳುವ ದಿಕ್ಕನ್ನೂ ಬೋಲ್ಟ್ ಹಿಡಿಯನ್ನೂ ಬದಿ ಬದಲಿಸಬಹುದು. ಟ್ರಿಗರ್ ಸ್ಪಂಜನ್ನು ಒತ್ತಿದಂತೆ, ಅದನ್ನು ಬದಲಿಸದೆ ಸುಖವಿಲ್ಲ. ಕೊಳ್ಳುವಾಗ ಯಾವ ಪಿಸ್ತೂಲಿನ ಮ್ಯಾಗಜೀನಿಗೆ ಒಪ್ಪುವ ತುಂಡು ಅದರಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. 92 ಸರಣಿ, ಪಿಎಕ್ಸ್4, ಕೂಗರ್ ಎಂದು ಬೇರೆಬೇರೆ ಇವೆ.

ಕೋಲ್ಟಿನ 9 ಎಂಎಂ ಎಆರ್-15 (ಸೇನೆಯ ಎಂ16ರ ನಾಗರಿಕ ರೂಪ) ಮಾದರಿ 1980ರ ದಶಕದ್ದು. ಉದ್ದನೆಯ ಮ್ಯಾಗಜೀನ್ ಇಸ್ರೇಲಿನ ಊಜಿ ಕೋವಿಯದರಿಂದ ಮಾರ್ಪಟ್ಟಿದ್ದು. ಎಆರ್ ಬಲ್ಲವರಿಗೆ ಬಿಚ್ಚಿ ಜೋಡಿಸುವುದು ನೀರು ಕುಡಿದಷ್ಟು ಸುಲಭ. ಬಿಡಿಭಾಗಕ್ಕೂ ಕೊರತೆಯಿಲ್ಲ. ಆದರೆ ಹಳೆಯ ಕೋಲ್ಟ್ ಎಂಬ ಹೆಸರಿಗೇ ಸಂಗ್ರಹಕಾರರು ದುಡ್ಡು ಕೊಡುತ್ತಾರೆ. ಆ ದುಡ್ಡು ನಿಮ್ಮ ಗುರಿಯನ್ನೇನೂ ಸುಧಾರಿಸುವುದಿಲ್ಲ. ಸಂಗ್ರಹದ ಕೋವಿಯಿಂದ ಸಾವಿರಾರು ಗುಂಡು ಹಾರಿಸಲು ಕೈಯೂ ಬರುವುದಿಲ್ಲ.

ಕೆಲ್-ಟೆಕ್ ಸಬ್-2000 ಮಡಚುವ ಕೋವಿ, ನಾಲ್ಕು ಪೌಂಡಿನ ಆಸುಪಾಸು. ಮಡಚಬಹುದೆಂಬುದೇ ಅದರ ಗುಣ, ಗುರಿ ಹೊಡೆಯುವವರಿಗೆ ಅದರಿಂದ ಪ್ರಯೋಜನವಿಲ್ಲ. ಮೊದಲ ತಲೆಮಾರಿನದರಲ್ಲಿ ಮೇಲೆ ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಸೈಟು) ಕೂರಿಸಿದರೆ ಮಡಚಲಾಗದು, ಕೆನ್ನೆಗೆ ತಾಗುವ ಕೊಳವೆ ದೀರ್ಘ ಹೊತ್ತಿಗೆ ನೋಯುತ್ತದೆ. ಬಿಟ್ಟುಬಿಡಿ.

ಲಿವರ್ ಕೋವಿ: ನನ್ನ ಓಟು

ಎರಡೂ ಪ್ರಶ್ನೆಗಳಿಗೆ ಒಂದೇ ಏಟಿಗೆ ಉತ್ತರ ಕೊಡುವುದು .357 ಲಿವರ್ ಕಾರ್ಬೈನ್. ಬಿಡಿ ಮ್ಯಾಗಜೀನ್ ಇಲ್ಲವೇ ಇಲ್ಲ, ನಳಿಕೆಯ ಕೆಳಗಿನ ಕೊಳವೆಯಲ್ಲಿ ತೋಟಾ ತುಂಬಬೇಕು. ಪ್ಲಾಸ್ಟಿಕ್ ಬಫರ್ ಇಲ್ಲ. ಮದ್ದಿನ ಬಲಕ್ಕೆ ಬೋಲ್ಟು ತಾನಾಗಿ ಓಡುವುದಿಲ್ಲ, ಕೈಯಿಂದ ಲಿವರ್ ತಿರುಗಿಸಿದರಷ್ಟೇ. ಹಾಗಾಗಿ ಅದೇ ದಪ್ಪದ, ಗಿಡ್ಡ ಕೇಸಿನ, ತೀರಾ ಮೆದು .38 ಸ್ಪೆಷಲ್ ತೋಟಾ ಕೂಡ ಇದರಲ್ಲಿ ನಡೆಯುತ್ತದೆ. 158 ಗ್ರೇನ್ ಸೀಸದ ಗುಂಡಿನ .38 ಅನ್ನು ಆರೇಳು ಪೌಂಡಿನ ಕಾರ್ಬೈನಿನಿಂದ ಹಾರಿಸಿದರೆ ಒದೆತ ಎಂಬುದು ಹೆಗಲಿಗೊಂದು ಸಣ್ಣ ತಳ್ಳು ಮಾತ್ರ. ಮಕ್ಕಳಿಗೆ, ಹೊಸಬರಿಗೆ ಕಲಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹಳೆಯ ಪೇಟೆಯಲ್ಲಿ ಮುಖ್ಯವಾಗಿ ಸಿಗುವವು ಎರಡು: ಮಾರ್ಲಿನ್ 1894ಸಿ, ಮತ್ತು ಬ್ರೆಜಿಲಿನ ರೋಸಿ 92. ರೋಸಿ ಜಾನ್ ಬ್ರೌನಿಂಗ್ ವಿನ್ಯಾಸದ 1892ರ ವಿಂಚೆಸ್ಟರಿನ ಪ್ರತಿ. ಕೇಸ್ ಮೇಲಕ್ಕೆ ಹಾರುವುದರಿಂದ ಸ್ಕೋಪ್ ಕೂರಿಸುವುದು ತಾಪತ್ರಯ. ಮಾರ್ಲಿನ್ ಪಕ್ಕಕ್ಕೆ ಉಗುಳುತ್ತದೆ, ಮೇಲ್ಭಾಗ ಸಮತಟ್ಟು, ಸ್ಕೋಪ್ ನೇರ ಕೂರುತ್ತದೆ. ವಯಸ್ಸಾದ ಕಣ್ಣಿಗೆ ಇದೊಂದೇ ಕಾರಣ ಸಾಕು. ರೋಸಿ ಅಗ್ಗ, ಗಟ್ಟಿ, ಹೊರಗಿನ ನಯ ಕಡಿಮೆ. ಲಿವರ್ ಮೊದಮೊದಲು ಬಿಗಿ, ಆಮೇಲೆ ಪಳಗುತ್ತದೆ.

ಮಾರ್ಲಿನ್ ಕೊಳ್ಳುವವರು ನಳಿಕೆಯ ಮೇಲೆ, ರಿಸೀವರಿನ ಹತ್ತಿರ, ಅಂಡಾಕಾರದೊಳಗೆ ಜೆಎಂ ಎಂಬ ಸಣ್ಣ ಮುದ್ರೆ ಇದೆಯೇ ನೋಡಬೇಕು. ಹಳೆಯ ಮಾರ್ಲಿನ್ ಕಾರ್ಖಾನೆಯ ಗುರುತು ಅದು. 2007ರಲ್ಲಿ ಕಂಪನಿ ರೆಮಿಂಗ್ಟನ್ ಕೈಗೆ ಹೋಗಿ, ಕೆಲವು ವರ್ಷಗಳಲ್ಲಿ ಹಳೆಯ ಕಾರ್ಖಾನೆ ಮುಚ್ಚಿ, ಬೇರೆಡೆ ತಯಾರಾಗಿ ಬಂದ ಕೋವಿಗಳ ಗುಣಮಟ್ಟದ ಬಗ್ಗೆ ಬಂದ ದೂರುಗಳು ಅಷ್ಟಿಷ್ಟಲ್ಲ. 2020ರಲ್ಲಿ ರೂಗರ್ ಕೊಂಡ ಮೇಲೆ ಬಂದವು ಬೇರೆ ಲೆಕ್ಕ, ಆದರೆ ಅವು ಹಳೆಯದಲ್ಲ.

ಇನ್ನೊಂದು ಪರೀಕ್ಷೆ ಕಡ್ಡಾಯ. 1894ರ ಒಳಗೆ ತೋಟಾವನ್ನು ಮೇಲಕ್ಕೆತ್ತುವ ತಟ್ಟೆ ಇದೆ. ಲಿವರಿನ ತುದಿ ಅದಕ್ಕೆ ಸವೆದು ಸವೆದು ಒಂದು ಕುಳಿ ತೋಡುತ್ತದೆ. ಕುಳಿ ಆಳವಾದರೆ ಎರಡನೆಯ ತೋಟಾ ಕೊಳವೆಯಿಂದ ಜಾರಿ ತಟ್ಟೆಯ ಕೆಳಗೆ ನುಗ್ಗಿ ಲಿವರ್ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಮಾರ್ಲಿನ್ ಜಾಮ್ ಎಂದೇ ಹೆಸರು. ಕೈತುಂಬ ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿ, ಲಿವರನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ತಟ್ಟೆ ಬದಲಿಸಬಹುದು, ಆದರೆ ಬೆಲೆ ಮಾತಾಡುವಾಗ ಅದನ್ನು ಹೇಳಿ.

ಲಿವರಿಗೆ ಮೂರು ನಿಯಮ. ಕೊಳವೆಯಲ್ಲಿ ಒಂದರ ಮೂತಿ ಇನ್ನೊಂದರ ಪ್ರೈಮರಿಗೆ (ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಬುಡದ ಗುಂಡಿಗೆ) ತಾಗಿ ನಿಲ್ಲುವುದರಿಂದ ಚೂಪು ಮೂತಿಯ ಗುಂಡು ಸಲ್ಲದು, ಚಪ್ಪಟೆ ಮೂತಿಯದೇ ಆಗಬೇಕು. ಕೇಸಿನೊಳಗೆ ಪೂರ್ತಿ ಮುಳುಗಿದ ವ್ಯಾಡ್‌ಕಟರ್ ಗುಂಡಿನ ತೋಟಾ ಬಹಳ ಗಿಡ್ಡ, ಹೆಚ್ಚಿನ ಲಿವರುಗಳಲ್ಲಿ ಸರಿಯಾಗಿ ಏರುವುದಿಲ್ಲ. .38 ಹೆಚ್ಚು ಹಾರಿಸಿದ ಮೇಲೆ ಚೇಂಬರಿನಲ್ಲಿ ಮಸಿಯ ಬಳೆಯೊಂದು ಕೂರುತ್ತದೆ, ಅದನ್ನು ತೆಗೆಯದೆ .357 ಹಾಕಿದರೆ ಉದ್ದದ ಕೇಸ್ ಒಳಗೆ ಬಿಗಿಯಾಗುತ್ತದೆ.

ಹಾಗಾದರೆ ಅರೆ-ಸ್ವಯಂಚಾಲಿಗಿಂತ ಲಿವರೇ ಮೇಲು ಎಂದಾಯಿತೇ? ತಟ್ಟೆಗಳ ಸಾಲಿಗೆ ಸಮಯ ಹಿಡಿದು ಹೊಡೆಯುವ ಪಂದ್ಯದಲ್ಲಿ ಇಲ್ಲ. ಇಂಥ ಪಂದ್ಯ ನಡೆಸುವ ಅಮೆರಿಕದ ಸಂಸ್ಥೆ ಯುಎಸ್‌ಪಿಎಸ್‌ಎ 2016ರಲ್ಲಿ ಪಿಸ್ತೂಲು-ತೋಟಾ ಕಾರ್ಬೈನಿಗೇ ವಿಭಾಗವೊಂದನ್ನು ತೆರೆಯಿತು. ಅಲ್ಲಿ ಬಿಡಿ ಮ್ಯಾಗಜೀನಿನ ಕೋವಿಗಳದೇ ಆಟ, ಅದರಲ್ಲೂ ಎಆರ್ ರೂಪದವು. ಕ್ಯಾಂಪ್ ತಂದವರು ಗೆಲ್ಲುವುದು ಕಷ್ಟ, ಆದರೆ ಮಜಾ ಮಾಡಬಹುದು. ಹಳೆಯ ಕಾಲದ ಕೋವಿಗಳ ಕೌಬಾಯ್ ಆಟದ ಪಂದ್ಯಗಳಿಗೆ ಹೋಗುವವರಿಗೆ ಈ ಪಟ್ಟಿಯಲ್ಲಿ ಲಿವರ್ ಬಿಟ್ಟು ಬೇರೆ ದಾರಿಯೇ ಇಲ್ಲ. ಪಂದ್ಯ ಬೇಡ, ಭಾನುವಾರ ಬೆಳಿಗ್ಗೆ ಒಂದು ಪೆಟ್ಟಿಗೆ ತೋಟಾ ಸಾಕು ಎನ್ನುವವರಿಗೆ .357 ಮಾರ್ಲಿನ್ ಮೊದಲು, ಬಫರ್ ಬದಲಿಸಿದ ಕ್ಯಾಂಪ್ 9 ಆಮೇಲೆ, ಪಿಸಿ9 ಮೂರನೆಯದು. ನನ್ನ ಕ್ರಮ ಇದು.

ಅಂಗಡಿಯ ಮೇಜಿನ ಮುಂದೆ

ಕೈಗೆ ಕೊಟ್ಟ ಕೂಡಲೇ ಮೊದಲ ಕೆಲಸ: ಮೂತಿ ಯಾರ ಕಡೆಗೂ ಇಲ್ಲದಂತೆ ಹಿಡಿದು, ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆ ಹಿಡಿದು, ಚೇಂಬರಿನೊಳಗೆ ಕಣ್ಣು ಹಾಯಿಸಿ, ಕಿರುಬೆರಳೂ ಹಾಕಿ ನೋಡುವುದು. ಮಾರುವವನು ನಿಮ್ಮ ಕಣ್ಣೆದುರೇ ಖಾಲಿ ತೋರಿಸಿದ್ದರೂ ಮತ್ತೊಮ್ಮೆ. ಅವನಿಗೆ ಬೇಸರವಾಗುವುದಿಲ್ಲ. ಬೇಸರಪಟ್ಟರೆ ಅಂಥ ಅಂಗಡಿಗೆ ಮತ್ತೆ ಹೋಗಬೇಡಿ.

ಆಮೇಲೆ ನಳಿಕೆ. ಸಣ್ಣ ಟಾರ್ಚಿನ ಬೆಳಕನ್ನು ಚೇಂಬರ್ ಕಡೆಯಿಂದ ಬಿಟ್ಟು ಮೂತಿಯಿಂದ ನೋಡಿದರೆ ಒಳಗಿನ ಗೆರೆಗಳು ಕಾಣುತ್ತವೆ. ಎಲ್ಲಾದರೂ ಕಪ್ಪು ಬಳೆಯಂಥ ನೆರಳು ಸುತ್ತಿದ್ದರೆ ನಳಿಕೆ ಅಲ್ಲಿ ಉಬ್ಬಿದೆ. ಬಲಹೀನ ತೋಟಾದ ಗುಂಡು ಅಲ್ಲೇ ಸಿಕ್ಕಿಕೊಂಡಿದ್ದು ತಿಳಿಯದೆ ಹಿಂದೆ ಇನ್ನೊಂದನ್ನು ಹಾರಿಸಿದ್ದರ ಗುರುತು ಅದು. ಅಂಥದ್ದನ್ನು ಯಾವ ಬೆಲೆಗೂ ಬೇಡ. ಮೂತಿಯ ತುದಿಯಲ್ಲಿ ಚಿಪ್ಪು ಹಾರಿದ್ದರೆ ಗ್ರೂಪ್ ಹರಡುತ್ತದೆ. ಅದನ್ನು ಸರಿಪಡಿಸಬಹುದು, ಆದರೆ ಇಲ್ಲೊಂದು ಕಾನೂನಿನ ತಂತಿ ಇದೆ. ಅಮೆರಿಕದಲ್ಲಿ ರೈಫಲ್ ನಳಿಕೆ 16 ಇಂಚಿಗಿಂತ ಕಡಿಮೆಯಾಗುವಂತಿಲ್ಲ, ಒಟ್ಟು ಉದ್ದ 26 ಇಂಚಿಗಿಂತ. ಕಡಿಮೆಯಾದರೆ 1934ರ ಕಾಯ್ದೆಯಡಿ ಬೇರೆಯೇ ನೋಂದಣಿ ಬೇಕು. ಪಿಸಿ9ಗೆ ಉಳಿದ ಅಂತರ ಕಾಲು ಇಂಚು. ಯಾರಾದರೂ ಹಿಂದೆ ತುದಿ ಕತ್ತರಿಸಿ ನಯ ಮಾಡಿದ್ದರೆ ಎಂದು ಅನುಮಾನವಿದ್ದರೆ, ಖಾಲಿ ಕೋವಿಯ ಬೋಲ್ಟ್ ಮುಚ್ಚಿ, ಮೂತಿಯಿಂದ ಕಡ್ಡಿಯೊಂದನ್ನು ಬೋಲ್ಟಿನ ಮುಖಕ್ಕೆ ತಾಗುವವರೆಗೆ ಇಳಿಸಿ, ತುದಿಗೆ ಗುರುತು ಹಾಕಿ ಅಳೆಯಿರಿ. ಕಾನೂನಿನ ಅಳತೆಯೂ ಹಾಗೇ.

ಸ್ಕ್ರೂ ತಲೆಗಳನ್ನು ನೋಡಿ. ಗೀರು ಹಿಡಿದು ಹಲ್ಲು ಕಿತ್ತಂತಿದ್ದರೆ ಯಾರೋ ಸಲಕರಣೆಯಿಲ್ಲದೆ ಬಿಚ್ಚಿದ್ದಾರೆ. ಕ್ಯಾಂಪ್ ಆದರೆ ಸ್ಟಾಕ್ ಬಿಚ್ಚಲು ಅನುಮತಿ ಕೇಳಿ, ರಿಸೀವರ್ ಕೂರುವ ಗೂಡು, ಅದರ ಹಿಂಭಾಗದ ಸಪೂರ ಕುತ್ತಿಗೆ, ಮ್ಯಾಗಜೀನ್ ಬಾಯಿಯ ಸುತ್ತ, ಎಲ್ಲ ಕಡೆ ಕೂದಲೆಳೆಯ ಬಿರುಕು ಹುಡುಕಿ. ಮರವನ್ನು ಎರಡು ಕೈಯಲ್ಲಿ ಸ್ವಲ್ಪ ತಿರುಚಿದರೆ ಬಿರುಕು ಬಾಯಿ ಬಿಡುತ್ತದೆ. ಎಣ್ಣೆಯ ಕಲೆ ಗೆರೆಯಾಗಿ ಹರಿದಿದ್ದರೂ ಅದೇ ಸೂಚನೆ. ಬಿಚ್ಚಲು ಬಿಡದವರ ಹತ್ತಿರ ಕ್ಯಾಂಪ್ ಕೊಳ್ಳಬೇಡಿ.

ಸರಣಿ ಸಂಖ್ಯೆ ಸ್ಪಷ್ಟವಾಗಿರಬೇಕು. ಅಳಿಸಿದ ಅಥವಾ ಕೆರೆದ ಸಂಖ್ಯೆಯ ಕೋವಿಯನ್ನು ಇಟ್ಟುಕೊಳ್ಳುವುದೇ ಅಪರಾಧ. ಪರವಾನಗಿಯ ವ್ಯಾಪಾರಿಯಿಂದ ಕೊಂಡರೆ 4473 ಎಂಬ ಸರ್ಕಾರಿ ನಮೂನೆ ತುಂಬಬೇಕು, ಹಿನ್ನೆಲೆ ತಪಾಸಣೆ ನಡೆಯುತ್ತದೆ. ಬೇರೆ ರಾಜ್ಯದವರಿಂದ ಕೊಳ್ಳುವಾಗಲೂ ಪರವಾನಗಿದಾರರ ಮೂಲಕವೇ. ರಾಜ್ಯದ ನಿಯಮಗಳು ಒಂದೊಂದು ಕಡೆ ಒಂದೊಂದು ತರ. ಮ್ಯಾಗಜೀನಿನ ಸಾಮರ್ಥ್ಯಕ್ಕೇ ಮಿತಿ ಹಾಕಿರುವ ರಾಜ್ಯಗಳಿವೆ. ಅಂಥ ರಾಜ್ಯದಲ್ಲಿರುವವರು ಮೊದಲು ಅದನ್ನು ನೋಡಿ, ಆಮೇಲೆ ಕೋವಿ ನೋಡಲಿ.

ರೇಂಜಿನಲ್ಲಿ ಮೊದಲ ದಿನ

ಮೊದಲ ದಿನ ಗ್ರೂಪ್ ಲೆಕ್ಕ ಹಾಕಲು ಹೋಗಬೇಡಿ. ಮನೆಯಲ್ಲಿ ಪೂರ್ತಿ ಬಿಚ್ಚಿ ತೊಳೆದು, ಹಳೆಯ ಎಣ್ಣೆ ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಿ ತಂದಿರಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಹೇಳಬೇಕಾಗಿಲ್ಲ.

ಮೊದಲ ಈಡಿಗೆ ಮ್ಯಾಗಜೀನಿನಲ್ಲಿ ಒಂದೇ ತೋಟಾ. ಕೇಸ್ ಹೊರಬಿತ್ತೇ, ಬೋಲ್ಟ್ ಹಿಂದೆಯೇ ನಿಂತಿತೇ ನೋಡಿ. ಆಮೇಲೆ ಎರಡೇ. ಒಂದು ಎಳೆತಕ್ಕೆ ಒಂದೇ ಹಾರಬೇಕು. ಎರಡೂ ಹಾರಿದರೆ ಒಳಗಿನ ಸಿಯರ್ (ಟ್ರಿಗರ್ ಎಳೆಯುವವರೆಗೆ ಸುತ್ತಿಗೆಯನ್ನು ತಡೆದು ಹಿಡಿಯುವ ಕೊಕ್ಕೆ) ಸವೆದಿರಬಹುದು. ಕೋವಿಯನ್ನು ಅಲ್ಲಿಗೇ ಖಾಲಿ ಮಾಡಿ ಗನ್‌ಸ್ಮಿತ್ ಹತ್ತಿರ ಒಯ್ಯಿರಿ, ಇನ್ನೊಮ್ಮೆ ಪ್ರಯತ್ನಿಸಿ ನೋಡುವುದು ಬೇಡ. ಎರಡೇ ತೋಟಾ ಹಾಕುವ ಅಭ್ಯಾಸ ಇದಕ್ಕಾಗಿಯೇ ಇರುವುದು, ಹಳೆಯ ಕೋವಿ ಪರೀಕ್ಷಿಸುವ ಯಾರೂ ಇದನ್ನು ಬಿಡಬಾರದು.

ಟ್ರಿಗರ್ ಎಳೆದೂ ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ತೋಟಾ ಇರುತ್ತದೆ. ಸದ್ದು ಮಾಮೂಲಿಗಿಂತ ಸಣ್ಣಗೆ "ಪುಸ್" ಎಂದರೆ ಕೂಡಲೇ ನಿಲ್ಲಿಸಿ, ಬಿಚ್ಚಿ, ನಳಿಕೆಯಲ್ಲಿ ಗುಂಡು ಸಿಕ್ಕಿದೆಯೇ ನೋಡಿ.

ಬಿದ್ದ ಕೇಸುಗಳನ್ನು ಎತ್ತಿ ಸಾಲಾಗಿಟ್ಟು ನೋಡುವುದರಲ್ಲಿ ತುಂಬಾ ಮಾಹಿತಿಯಿದೆ. ಬ್ಲೋಬ್ಯಾಕ್ ಕೋವಿಯ ಕೇಸಿಗೆ ಹೊರಗಡೆ ಮಸಿ ಹಿಡಿಯುವುದು ಸಹಜ. ಆದರೆ ಬುಡದ ಹತ್ತಿರ ಹೊಟ್ಟೆಯಂತೆ ಉಬ್ಬಿದ್ದರೆ, ಅಥವಾ ಪ್ರೈಮರ್ ಚಪ್ಪಟೆಯಾಗಿ ಹೊರಗೆ ಹರಿದಂತಿದ್ದರೆ, ಬೋಲ್ಟ್ ಬೇಗ ತೆರೆದುಕೊಳ್ಳುತ್ತಿದೆ, ಇಲ್ಲವೇ ತೋಟಾ ಹೆಚ್ಚು ಬಲದ್ದಾಗಿದೆ. ಸ್ಪ್ರಿಂಗ್ ಸೋತ ಕ್ಯಾಂಪಿನಲ್ಲಿ ಕೇಸುಗಳು ತುಂಬಾ ದೂರ ಹಾರುತ್ತವೆ, ಬದಿಯಲ್ಲಿ ಜಜ್ಜಿದ ಗುರುತು ಇರುತ್ತದೆ. ಹಳೆಯ ಬ್ಲೋಬ್ಯಾಕಿಗೆ ಪ್ಲಸ್-ಪಿ ಎಂದು ಬರೆದ, ಹೆಚ್ಚು ಒತ್ತಡದ ತೋಟಾ ಹಾಕಲೇಬೇಡಿ, ಗುರಿಗೆ ಅದರ ಅಗತ್ಯವೂ ಇಲ್ಲ.

ಮ್ಯಾಗಜೀನುಗಳಿಗೆ ಬಣ್ಣದ ಪೆನ್ನಿನಲ್ಲಿ ನಂಬರ್ ಹಾಕಿ. ತೊಡಕು ಬಂದಾಗಲೆಲ್ಲ ನಂಬರ್ ಗುರುತಿಟ್ಟುಕೊಂಡರೆ ಕೋವಿಯದೋ ಮ್ಯಾಗಜೀನಿನದೋ ತಪ್ಪು ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಹಳೆಯ ಕಾರ್ಬೈನಿನ "ಜಾಮ್" ದೂರುಗಳಲ್ಲಿ ಬಹಳಷ್ಟು ಬಗ್ಗಿದ ತುಟಿಯ ಒಂದು ಮ್ಯಾಗಜೀನಿನದ್ದೇ ಆಗಿರುತ್ತವೆ.

ಇದೆಲ್ಲ ಸರಿಯಾದ ಮೇಲೆ ನಿಖರತೆ. 115, 124, 147 ಗ್ರೇನಿನ ಮೂರು ಬಗೆಯ ತೋಟಾ ತಂದಿದ್ದರೆ, ಪ್ರತಿಯೊಂದರಿಂದ ಐದೈದು ಗುಂಡಿನ ಗ್ರೂಪನ್ನು ಮರಳು ಚೀಲದ ಮೇಲೆ ಊರಿ 50 ಗಜದಿಂದ ಹೊಡೆಯಿರಿ. ಮೂರು ಇಂಚಿನೊಳಗೆ ಬಂದರೆ ಈ ಜಾತಿಯ ಕೋವಿಗೆ ಒಳ್ಳೆಯದೇ. ಎರಡು ಇಂಚು ಬಂದರೆ ಆ ತೋಟಾದ ಪೆಟ್ಟಿಗೆಗಳನ್ನು ಇನ್ನಷ್ಟು ತೆಗೆದಿಡಿ. ಒಂದೇ ಕೋವಿ ಒಂದು ಕಂಪನಿಯ 124 ಅನ್ನು ಮೆಚ್ಚಿ ಇನ್ನೊಂದರದನ್ನು ಚೆಲ್ಲಾಪಿಲ್ಲಿ ಮಾಡುವುದು ಮಾಮೂಲು.

ದೂರದ ಲೆಕ್ಕ ಹೀಗೆ. 50 ಗಜಕ್ಕೆ ಸರಿಪಡಿಸಿದ 9 ಎಂಎಂ, 100 ಗಜಕ್ಕೆ ಐದಾರು ಇಂಚು ಕೆಳಗಿಳಿಯುತ್ತದೆ. ಅಲ್ಲಿಂದಾಚೆ ಬೇಗ ಬೀಳುತ್ತದೆ. ಹತ್ತಿರದ ತಟ್ಟೆಯಲ್ಲಿ ಇನ್ನೊಂದು ತಮಾಷೆ. ಎಆರ್ ರೂಪದ ಕೋವಿಗಳಲ್ಲಿ ರೆಡ್ ಡಾಟ್ ನಳಿಕೆಯಿಂದ ಎರಡೂವರೆ ಇಂಚು ಮೇಲಿರುತ್ತದೆ. ಹತ್ತು ಗಜದೊಳಗೆ ಹೊಡೆದರೆ ಗುಂಡು ಚುಕ್ಕೆಯ ಎರಡು ಇಂಚು ಕೆಳಗೇ ಬೀಳುತ್ತದೆ, ಎಷ್ಟೇ ಸರಿಯಾಗಿ ಹಿಡಿದರೂ. ಸಣ್ಣ ತಟ್ಟೆಯ ಮೇಲಂಚು ಗುರಿ ಮಾಡುವುದು ಆಗ ಅಭ್ಯಾಸವಾಗಬೇಕು. ಕ್ಯಾಂಪ್ ಮತ್ತು ಲಿವರುಗಳಲ್ಲಿ ಸೈಟು ತಗ್ಗಿನಲ್ಲಿರುವುದರಿಂದ ಈ ವ್ಯತ್ಯಾಸ ಕಡಿಮೆ, ಹತ್ತಿರದಲ್ಲಿ ಗುರಿ ಎಲ್ಲಿಟ್ಟರೆ ಬಹುತೇಕ ಅಲ್ಲಿಗೇ.

ಮನೆಗೆ ಬಂದ ಮೇಲೆ ಕ್ಯಾಂಪ್ ಕೊಂಡವರು ಒಮ್ಮೆ ಸ್ಟಾಕ್ ಬಿಚ್ಚಿ ಹೊಸ ಬಫರನ್ನು ಬೆರಳಿನಿಂದ ಒತ್ತಿ ನೋಡಿ. ಅಂಚು ಚಪ್ಪಟೆಯಾಗಿಲ್ಲದೆ, ಪುಡಿ ಬಿಡದೆ ಇದ್ದರೆ ಮುಂದಿನ ಪೆಟ್ಟಿಗೆಗೆ ಅದು ತಯಾರು. ಅದೇ ಹೊತ್ತಿನಲ್ಲಿ ಇನ್ನೊಂದು ಬಫರಿಗೂ ಎರಡು ಹೆಚ್ಚುವರಿ ಮ್ಯಾಗಜೀನಿಗೂ ಆರ್ಡರ್ ಹಾಕಿಬಿಡಿ.